ತುಪ್ಪ ಕರಗುವವರೆಗಿನ ಹಾಡು

ಆ ಊರಿಗೆ ದಾರಿ ಯಾವುದು ಅಂತ ಮಾತ್ರ ಕೇಳಬೇಡಿ. ಹೇಳಿದರೆ ಹೋಗಿಬಿಡ್ತೀರಿ, ಹೋದರೆ ಅಲ್ಲಿಯವರು ನಿಮ್ಮ ಹೆಸರು ಕೇಳ್ತಾರೆ, ಹೇಳಿದ ಮೇಲೆ ಸೆರಗು ಅಡ್ಡ ಹಿಡಿದು ಮುಸಿಮುಸಿ ನಗ್ತಾರೆ. ಹುಟ್ಟಿದ ದಿನ ಬಿಸಿಲು ಎಷ್ಟಿತ್ತು ಅಂತ ಹೇಳಲಾರದ ಹೆಸರು ಅದೆಂಥ ಹೆಸರು ಎಂಬುದು ಅವರ ವಾದ. ಆ ಊರಲ್ಲಿ ಹೆಸರಿಡುವ ಹಕ್ಕು ಅಪ್ಪನಿಗಿಲ್ಲ, ಅವ್ವನಿಗಿಲ್ಲ, ಸೋದರತ್ತೆ ಎಷ್ಟು ಮುನಿಸಿಕೊಂಡರೂ ಅವಳಿಗೂ ಇಲ್ಲ. ಹೆಸರಿಡುವುದು ತುಪ್ಪ.

ಊರ ನಡುವೆ ಒಂದು ಕಟ್ಟೆ. ಕಟ್ಟೆಯ ಮೇಲೆ ಒಂದು ಕರಿಕಲ್ಲು. ಕಲ್ಲಿನ ಒಂದು ಬದಿಗೆ ಸಣ್ಣ ತುಟಿ. ಸೂರ್ಯನ ಮೊದಲ ಕಿರಣ ಕಲ್ಲಿಗೆ ತಾಗುವ ಹೊತ್ತಿಗೆ ತುಪ್ಪ ತರುವವನು ಗಟ್ಟಿ ತುಪ್ಪದ ಒಂದು ಉಂಡೆಯನ್ನು ಅದರ ಮೇಲೆ ಇಡುತ್ತಾನೆ. ಹಾಡುವಾಕೆ ಹಾಡು ಎತ್ತುತ್ತಾಳೆ. ತುಪ್ಪ ಕರಗುತ್ತದೆ, ಹಾಡು ನಡೆಯುತ್ತದೆ. ಕರಗಿದ ತುಪ್ಪದ ಮೊದಲ ಹನಿ ಕಲ್ಲಿನ ತುಟಿಯಿಂದ ನೆಲಕ್ಕೆ ಬಿದ್ದ ಕೂಡಲೇ ಹಾಡು ನಿಲ್ಲಬೇಕು. ಯಾವ ಮಾತಿನಲ್ಲಿ ನಿಂತಿತೋ ಅದೇ ಆ ದಿನದ ಹೆಸರು, ಆ ದಿನ ಹುಟ್ಟಿದ ಕೂಸಿನ ಹೆಸರೂ ಅದೇ. ನಿಂತ ಮಾತಿನಾಚೆಗೆ ಒಂದಕ್ಷರವನ್ನೂ ಹಾಡಬಾರದು, ಗುನುಗಬಾರದು, ನಿದ್ದೆಯಲ್ಲಿ ಕನವರಿಸಲೂ ಬಾರದು. ಅದು ಊರಿನ ಕಟ್ಟಳೆ.

ಹಾಡೇನು ಮಹಾ ಹಾಡಲ್ಲ. ಒಬ್ಬಳು ನೀರಿಗೆ ಹೋದ ಕಥೆ. ಬೆಳಗಾಗೆದ್ದ ಹೆಣ್ಣೊಬ್ಬಳು ಖಾಲಿ ಕೊಡ ಹೊತ್ತು ಮನೆಯಿಂದ ಹೊರಡುತ್ತಾಳೆ. ಹೊಸಿಲು ದಾಟಿದರೆ ಅಂಗಳ. ಅಂಗಳ ದಾಟಿದರೆ ಬಾವಿ, ಆದರೆ ಬಾವಿಯ ನೀರು ಅವಳಿಗೆ ಸಾಲದು. ಬಾವಿ ದಾಟಿ ಬೇವು, ಬೇವು ದಾಟಿ ಕಣ, ಕಣ ದಾಟಿ ಬದು, ಬದು ಇಳಿದರೆ ಹಳ್ಳದ ಮರಳು, ಮರಳು ದಾಟಿ ತೋಪು, ತೋಪು ದಾಟಿ ಗುಡ್ಡ, ಗುಡ್ಡದ ಮೇಲೆ ಜೇನು, ಜೇನಿನಾಚೆ ಮಂಜು, ಮಂಜಿನೊಳಗೆ ಒಂದು ಒರತೆ. ಆ ಒರತೆಯ ನೀರಿಗೇ ಅವಳು ಹೊರಟದ್ದು. ಒಂದೊಂದು ಮಾತಿಗೂ ಒಂದೊಂದು ನುಡಿ, ನುಡಿಗೆ ತಕ್ಕ ನಿಲುಗಡೆ. ಹಾಡಿನಲ್ಲಿರುವ ಹಾದಿ ಊರಿನಲ್ಲೂ ಇತ್ತು. ಕಟ್ಟೆಯ ಎದುರಿನ ಮನೆಯ ಹೊಸಿಲಿನಿಂದ ಹೊರಟು ಬಾವಿ, ಬೇವು, ಕಣ ಎಲ್ಲವನ್ನೂ ಮುಟ್ಟಿಕೊಂಡು ಅದು ಗುಡ್ಡ ಹತ್ತುತ್ತಿತ್ತು.

ಬೇಸಿಗೆಯಲ್ಲಿ ತುಪ್ಪ ಬೇಗ, ಹಾಡು ಗಿಡ್ಡ. ಮಾಗಿಯ ಚಳಿಯಲ್ಲಿ ತುಪ್ಪ ನಿಧಾನ, ಹಾಡು ಉದ್ದ. ಹೀಗಾಗಿ ಆ ಊರಿನ ತುಂಬ ಬೇವಪ್ಪ, ಕಣವ್ವ, ತೋಪಯ್ಯ, ಗುಡ್ಡವ್ವ, ಜೇನಪ್ಪ. ಬಿತ್ತನೆಗೂ ಈ ಹಾಡೇ ಪಂಚಾಂಗ. ಮಳೆ ಹಿಂದೆ ಸರಿದ ಮೇಲೆ ಹಾಡು ಮೊದಲ ಸಲ ಬೇವಿಗೆ ಮುಟ್ಟಿದ ದಿನ ಕಡಲೆ ಬಿತ್ತಬೇಕು ಅಂತ ಹಿರಿಯರು ಹೇಳಿದ್ದರು. ಈಚೆಗೆ ಮಾತ್ರ ಹಾಡು ಬೇವು ಮುಟ್ಟುತ್ತಲೇ ಇರಲಿಲ್ಲ. ಜನ ಬೀಜದ ಗಡಿಗೆ ಮುಂದಿಟ್ಟುಕೊಂಡು ಕಾದರು. ಇವತ್ತು ಮುಟ್ಟೀತು, ನಾಳೆ ಮುಟ್ಟೀತು ಅಂತ ಕಾದು ಕಾದು, ನೆಲದ ಹಸಿಯೆಲ್ಲ ಆರಿಹೋಗಿ, ಗಡಿಗೆಯೊಳಗಿನ ಕಡಲೆಗೆ ಹುಳ ಹಿಡಿಯಿತು. ನೀವಾದರೆ ಬಿತ್ತಿಬಿಡ್ತಿದ್ದಿರಿ. ಅವರು ಬಿತ್ತಲಿಲ್ಲ, ಹಾಡು ಇನ್ನೂ ಬೇವು ಮುಟ್ಟಿಲ್ಲವಲ್ಲ ಅಂದರು.

ನಮ್ಮ ಕಥೆಯ ಹಾಡುವಾಕೆ ಮಾಗಿಯಲ್ಲಿ ಹುಟ್ಟಿದವಳು, ತೋಪಿನ ಮಾತಿಗೆ ತುಪ್ಪ ತೊಟ್ಟಿಕ್ಕಿದ ದಿನ. ಹೆಸರು ತೋಪವ್ವ, ಆದರೆ ಕಲ್ಲಿನ ಮುಂದೆ ನಿಂತ ಮೇಲೆ ಯಾರೂ ಹಾಗೆ ಕರೆಯಲಿಲ್ಲ, ಹಾಡುವಾಕೆ ಎಂದೇ ಕರೆದರು. ಅವಳಿಗೆ ಹಾಡು ಕಲಿಸಿದವಳು ಮರಳವ್ವ ಎಂಬಾಕೆ. ಆ ಮರಳವ್ವನನ್ನು ಊರು ಹೊರಗೆ ಹಾಕಿತ್ತು. ಇವಳು ಹಾಡನ್ನು ಎಳೆಯುತ್ತಾಳೆ, ಅದಕ್ಕೇ ಹಾಡು ಜೇನು ಮುಟ್ಟುವುದರೊಳಗೆ ತುಪ್ಪ ಬೀಳುತ್ತದೆ, ಮೈಗಳ್ಳಿ ಎಂಬುದು ದೂರು. ಹೆಸರಿಗೆ ತಕ್ಕ ಜಾಗ ಅಂತ ಹಳ್ಳದ ಮರಳಿನ ಮೇಲೆ ಒಂದು ಗುಡಿಸಲು ಹಾಕಿಕೊಟ್ಟು, ಇನ್ನು ಊರೊಳಗೆ ಕಾಲಿಡಬೇಡ ಅಂದರು. ಅವಳಿಗಿಂತ ಮುಂಚೆ ಹಾಡಿದವಳಿಗೂ ಇದೇ ದೂರು, ಇದೇ ಗತಿ ಆಗಿತ್ತು.

ಹಾಗಾಗಿ ಹಾಡುವಾಕೆಗೆ ದಿನಾ ಬೆಳಗಾದರೆ ಪುಕಪುಕ. ತುಪ್ಪದ ಉಂಡೆ ಕಲ್ಲಿನ ಮೇಲೆ ಕೂತು ಹೊಳೆಯತೊಡಗಿದರೆ ಇವಳ ನಾಲಿಗೆ ಓಡಲು ಶುರು. ಮೊದಮೊದಲು ಒಂದು ನಿಲುಗಡೆ ನುಂಗಿದಳು. ಆಮೇಲೆ ಉಸಿರು ಬಿಗಿಹಿಡಿದು ಎರಡು ನುಡಿ ಒಂದೇ ಗುಕ್ಕಿಗೆ ಹೇಳಿದಳು. ಕೊನೆಗೆ ರಾಗವೂ ಹೋಯಿತು, ಸಂತೆಯಲ್ಲಿ ಬೆಲೆ ಕೂಗಿದ ಹಾಗೆ ಆಯಿತು. ಹಾಡಿನ ಹೆಣ್ಣು ಕೊಡ ಬಡಿದುಕೊಂಡು ಓಡುತ್ತಿದ್ದಳು. ಅಷ್ಟು ಓಡಿದರೂ ವರ್ಷದಿಂದ ವರ್ಷಕ್ಕೆ ತುಪ್ಪದ ಹನಿ ಅವಳಿಗಿಂತ ಮೊದಲೇ ನೆಲ ಮುಟ್ಟುತ್ತಿತ್ತು.

ಹೀಗಿರುವಾಗ ಒಂದು ಬೇಸಿಗೆ ಬಂತು. ಇರುಳೆಲ್ಲ ಗೋಡೆಗಳು ಬಿಸಿ ಉಗುಳಿದವು, ಹೊತ್ತು ಮೂಡುವವರೆಗೂ ನೆಲ ಆರಲಿಲ್ಲ. ಬೆಳಿಗ್ಗೆ ತುಪ್ಪ ತರುವವನು ಗಿಂಡಿ ತೆರೆದರೆ ಒಳಗೆ ತುಪ್ಪ ಹೆಪ್ಪುಗಟ್ಟಿಯೇ ಇಲ್ಲ, ನೀರಾಗಿ ಕೂತಿದೆ. ಅವನು ಅದನ್ನೇ ಕಲ್ಲಿನ ಮೇಲೆ ಸುರಿದ. ಸುರಿದದ್ದೇ ತಡ, ತುಪ್ಪ ಜಾರಿ ತುಟಿಗೆ ಬಂದು ತೊಟ್ಟಿಕ್ಕಿತು. ಹಾಡುವಾಕೆ ಬಾಯಿ ತೆರೆದಿದ್ದಳು ಅಷ್ಟೆ, ಹೊಸಿಲಿನ 'ಹೊ' ಕೂಡ ಹೊರಗೆ ಬಿದ್ದಿರಲಿಲ್ಲ. ಅವಳು ತೆರೆದ ಬಾಯಿ ಮುಚ್ಚಿದಳು, ಕಟ್ಟೆಯ ಸುತ್ತ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆ ದಿನವೇ ಬುಟ್ಟಿ ಹೆಣೆಯುವಾಕೆಗೆ ಹೆಣ್ಣು ಕೂಸು ಹುಟ್ಟಿತು.

ಹೆಸರಿಲ್ಲದವರಿಗೆ ಹೊಸಿಲಿಲ್ಲ ಎಂಬುದು ಕಟ್ಟಳೆಯ ಬಾಲ. ಹಿಂದೆ ಯಾರಿಗೂ ಅದು ಬೇಕಾಗಿರಲಿಲ್ಲ, ಈಗ ಬೇಕಾಯಿತು. ಬಾಣಂತಿಯನ್ನೂ ಕೂಸನ್ನೂ ಮನೆಯಿಂದ ಹೊರಗೆ ಕರೆತಂದು ಅವಳದೇ ಬುಟ್ಟಿಗಳನ್ನು ಮರೆಯಾಗಿಟ್ಟು ಅಂಗಳದಲ್ಲಿ ಕೂರಿಸಿದರು. ತೊಟ್ಟಿಲು ಹಾಕುವ ದಿನದೊಳಗೆ ಹೆಸರು ಸಿಕ್ಕರೆ ಸರಿ, ಇಲ್ಲದಿದ್ದರೆ ತಾಯಿ ಕೂಸು ಇಬ್ಬರೂ ಹಳ್ಳದಾಚೆಗೆ. ಹೀಗೆ ತೀರ್ಪು ಹೇಳಿದವನು ಕಟ್ಟೆಯ ಹಿರಿಯ. ಹೆಸರು ಜೇನಪ್ಪ, ಗುಡ್ಡದ ಬುಡದಲ್ಲಿ ಹೊಗೆಯಾಡುವ ಸುಣ್ಣದ ಗೂಡುಗಳೆಲ್ಲ ಅವನವು. ಕೆಟ್ಟವನೇನಲ್ಲ, ಕಟ್ಟಳೆ ಅಂದರೆ ಪ್ರಾಣ, ಅಷ್ಟೆ. ಬಾಯಿ ತೆರೆದು ಮಾತು ಆಡದ ಹಾಡುವಾಕೆಯೂ ಅವರ ಜೊತೆಗೆ ಹೊರಡಲಿ, ಊರಿಗೆ ಚುರುಕಾದ ಇನ್ನೊಬ್ಬಳು ಸಿಗುತ್ತಾಳೆ ಅಂದ. ತುಪ್ಪ ತರುವವನು ತನ್ನ ಎಮ್ಮೆಗಳು ಅಜ್ಜನ ಕಾಲದ ತಳಿಯವೇ, ತುಪ್ಪದಲ್ಲಿ ಮೋಸವಿಲ್ಲ ಅಂತ ಯಾರೂ ಕೇಳದೆಯೇ ಆಣೆ ಹಾಕಿದ.

ಹಾಡುವಾಕೆಗೆ ದುಃಖಕ್ಕಿಂತ ಸಿಟ್ಟು ಬಂತು, ಸಿಟ್ಟಿಗಿಂತ ಅನುಮಾನ ಬಂತು. ನಾನೇ ತಪ್ಪಿರಬಹುದೆ? ಒಲೆ ಮುಂದೆ ಕೂತರೂ ಅದೇ, ಬೀಸುಕಲ್ಲು ತಿರುವಿದರೂ ಅದೇ. ಬುಟ್ಟಿ ಹೆಣೆಯುವಾಕೆಯ ಅಂಗಳಕ್ಕೆ ರೊಟ್ಟಿ ಕೊಂಡೊಯ್ದರೆ ಆ ತಾಯಿ ಒಂದು ಬೈಗುಳವನ್ನೂ ಆಡಲಿಲ್ಲ. ಕೂಸನ್ನು ಏನಂತ ಕರೆಯಲಿ ಅಂತ ಮಾತ್ರ ಕೇಳಿದಳು. ಹಾಡುವಾಕೆ ರೊಟ್ಟಿಯ ಗಂಟು ಇಟ್ಟು ಎದ್ದು ಬಂದಳು.

ಬರುವ ದಾರಿಯಲ್ಲಿ ಒಂದು ಬಾಗಿಲಿನಿಂದ ಒಬ್ಬ ತಾಯಿ ಮಗನನ್ನು ಊಟಕ್ಕೆ ಕೂಗಿದಳು. ಬಾವೀ ಅಂತ ಒಂದೇ ಕೂಗು. ಬೀದಿಯಲ್ಲಿ ಆಡುತ್ತಿದ್ದ ಮಕ್ಕಳೆಲ್ಲ ಆಟ ಬಿಟ್ಟು ಓಡಿಬಂದು ಅವಳ ಬಾಗಿಲಲ್ಲಿ ನೆರೆದವು. ಇದೇನು ಹೊಸತಲ್ಲ. ಈಗಿನ ಚಿಕ್ಕ ಮಕ್ಕಳೆಲ್ಲ ಬಾವಿ, ಇಲ್ಲವೇ ಅಂಗಳ. ಹೆತ್ತವರು ಗುರುತಿಗೆ ಮೂಗು ಬಾವಿ, ಗುಂಗುರು ಬಾವಿ, ಅಳುಮೋರೆ ಬಾವಿ ಅಂತ ಇಟ್ಟುಕೊಂಡಿದ್ದರು. ಆ ತಾಯಿ ಬೈದುಕೊಂಡು ಬೇರೆಯವರ ಬಾವಿಗಳನ್ನು ಓಡಿಸುತ್ತಿರುವಾಗ, ಹಿಂದಿನ ಮನೆಯಿಂದ ಯಾರೋ ಗುಡ್ಡವ್ವಾ ಅಂತ ಕರೆದರು. ಕೋಲೂರಿಕೊಂಡು ಒಬ್ಬಳೇ ಒಬ್ಬಳು ಮುದುಕಿ ಹೊರಗೆ ಬಂದಳು.

ಹಾಡುವಾಕೆ ನಡುಬೀದಿಯಲ್ಲಿ ನಿಂತುಬಿಟ್ಟಳು. ಗುಡ್ಡ ಎಂಬ ಹೆಸರಿನ ಮಗು ಈ ಊರಲ್ಲಿ ಒಂದಾದರೂ ಇದೆಯೇ? ಬಾವಿ ಎಂಬ ಹೆಸರಿನ ಮುದುಕ? ಮನಸ್ಸಿನಲ್ಲೇ ಮನೆ ಮನೆ ಹೊಕ್ಕು ಬಂದಳು. ಮಕ್ಕಳೆಲ್ಲ ಹೊಸಿಲಿನ ಹತ್ತಿರ, ಮುದುಕರು ಹೆಚ್ಚಾಗಿ ಗುಡ್ಡದ ಹತ್ತಿರ. ಹಾಡು ನಿಂತ ಬೆಳಗುಗಳು ಯಾವುವೂ ಕಳೆದುಹೋಗಿರಲಿಲ್ಲ, ಕೈಕಾಲು ಮೂಡಿಸಿಕೊಂಡು ಬೀದಿಯಲ್ಲೇ ಓಡಾಡುತ್ತಿದ್ದವು. ಅವಳು ನೆಟ್ಟಗೆ ಹಿರಿಯನ ಮನೆಗೆ ಹೋಗಿ, ತೊಟ್ಟಿಲ ದಿನ ಊರವರೆಲ್ಲ ಹಾದಿಯ ಮೇಲೆ ತಂತಮ್ಮ ಹೆಸರಿನ ಜಾಗದಲ್ಲಿ ನಿಲ್ಲಲಿ, ಅಷ್ಟು ನಡೆಸಿಕೊಡಿ, ಆಮೇಲೆ ಹೋಗೆಂದರೆ ಹೋಗುತ್ತೇನೆ ಅಂದಳು. ಹೋಗುವವಳ ಕೊನೆಯ ಮಾತು ಅಂತ ಹಿರಿಯ ಒಪ್ಪಿದ.

ತೊಟ್ಟಿಲ ದಿನ ಬೆಳಿಗ್ಗೆ ಊರಿಗೆ ಊರೇ ಹಾದಿಗೆ ಬಂತು. ಬೇವಪ್ಪಂದಿರು ಬೇವಿನ ಕೆಳಗೆ, ಕಣವ್ವಂದಿರು ಕಣದಲ್ಲಿ. ಒಂದೇ ಗದ್ದಲ, ಒಂದೇ ನೂಕಾಟ. ಅಲ್ಲಲ್ಲಿ ಬೇರೆ ಬೇರೆ ವಯಸ್ಸಿನವರು ಒಂದಿಷ್ಟು ಕಲಸಿಹೋಗಿದ್ದರು. ಬೇವಿನ ಕೆಳಗೆ ಬೋಳುತಲೆಯ ಮುದುಕನೊಬ್ಬ ಹಾಲುಹಲ್ಲು ಬಿದ್ದ ಹುಡುಗನ ಪಕ್ಕ ನಿಂತಿದ್ದ. ಇನ್ನೂ ಕೆಳಗೇ ಇದ್ದ ಹಿರಿಯ ನಕ್ಕ. ಬೇಸಿಗೆಯ ಕೂಸು ಹತ್ತಿರ, ಮಾಗಿಯ ಕೂಸು ದೂರ, ಇದು ಎಂದಿನಿಂದಲೂ ಇದ್ದದ್ದೇ, ಇದರಲ್ಲೇನು ಕಂಡೆ ಅಂತ ಕೇಳಿದ. ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಹಾಡುವಾಕೆ ಹಾದಿಯ ನಡುವೆ ಬಂದು ನಿಂತಳು. ಆಮೇಲೆ, ಮಾಗಿಯಲ್ಲಿ ಹುಟ್ಟಿದವರು ಮಾತ್ರ ನಿಲ್ಲಿ, ಉಳಿದವರು ಹಾದಿ ಬಿಟ್ಟು ಕೂತುಕೊಳ್ಳಿ ಅಂದಳು. ಚಳಿಯ ಜೊತೆಗೆ ಚಳಿಯನ್ನೇ ಇಟ್ಟು ನೋಡೋಣ ಅಂದಳು. ಬೇಸಿಗೆಯವರು, ಮಳೆಗಾಲದವರು ಗೊಣಗುತ್ತಾ ಬದಿಗೆ ಸರಿದರು. ಬೋಳುತಲೆಯ ಮುದುಕ ಬೇಸಿಗೆಯವನು, ಅವನೂ ಕೂತ. ಹಾದಿ ತೆರವಾಯಿತು, ಗದ್ದಲ ನಿಂತಿತು, ನಿಂತವರು ಮಾತ್ರ ಉಳಿದರು.

ಆಗ ಕಂಡಿತು. ಮಾಗಿಯಲ್ಲಿ ಹುಟ್ಟಿದ ಈಗಿನ ಕೂಸುಗಳೆಲ್ಲ ಬಾವಿಯ ಸುತ್ತ, ಒಳಗೆ ಬಿದ್ದಾವು ಅಂತ ತಾಯಂದಿರು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅವಕ್ಕಿಂತ ದೊಡ್ಡ ಮಕ್ಕಳು ಬೇವಿನ ಕೆಳಗೆ. ಮೀಸೆ ಚಿಗುರಿದವರು ಕಣದಲ್ಲಿ. ಹೊಸದಾಗಿ ಮದುವೆಯಾದವರು ಬದುವಿನ ಮೇಲೆ. ಅವರ ಅಕ್ಕಂದಿರು ಮರಳಿನ ಮೇಲೆ. ನಡುವಯಸ್ಸಿನವರು ತೋಪಿನಲ್ಲಿ. ತಲೆ ನರೆತವರು ಗುಡ್ಡದಲ್ಲಿ. ಅದರಾಚೆ ಜೇನಿನ ಬಂಡೆಯ ಹತ್ತಿರ, ಏದುಸಿರು ಬಿಡುತ್ತಾ ಹತ್ತಿಹೋದ ಕಟ್ಟೆಯ ಹಿರಿಯ ಮತ್ತವನ ಓರಗೆಯ ಕೆಲವರು. ಅಜ್ಜನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಊರು ಗುಡ್ಡ ಇಳಿದು, ಹಳ್ಳ ದಾಟಿ, ಮನೆಯ ಬಾಗಿಲಿಗೆ ಬಂದು ನಿಂತಿತ್ತು. ಹೆಸರು ಒಂದೊಂದಾಗಿ ಬಂದಾಗ ಯಾರಿಗೂ ಕಾಣದ್ದು, ಎಲ್ಲ ಒಟ್ಟಿಗೆ ನಿಂತಾಗ ಚಿಕ್ಕ ಮಗುವಿಗೂ ಕಾಣುತ್ತಿತ್ತು.

ಮೇಲಿನಿಂದ ಹಿರಿಯ ಕೂಗಿ ಹೇಳಿದ, ಹಾಡುವವರು ಎಳೆದರೆ ಹೀಗೆಯೇ ಆಗುತ್ತದೆ ಅಂತ. ಕೂಗು ಕೆಳಗೆ ಸರಿಯಾಗಿ ಮುಟ್ಟಲಿಲ್ಲ, ಬಾಯಿಂದ ಬಾಯಿಗೆ ಇಳಿದು ಬಂತು. ಹಾಡುವಾಕೆಗೆ ಈ ಮಾತಿನದೇ ಭಯವಿತ್ತು, ಇದಕ್ಕೇ ಅವಳು ಕಾದಿದ್ದಳು ಕೂಡ. ಬದುವಿನ ಮೇಲೆ ನಿಂತಿದ್ದ ಇಬ್ಬರು ಗಂಡಸರನ್ನು ಕೈ ಎತ್ತಲು ಹೇಳಿದಳು. ಒಬ್ಬ ಮರಳವ್ವ ಹಾಡಿದ ಕೊನೆಯ ಮಾಗಿಯಲ್ಲಿ ಹುಟ್ಟಿದವನು, ಇನ್ನೊಬ್ಬ ಇವಳು ಹಾಡಿದ ಮೊದಲ ಮಾಗಿಯಲ್ಲಿ ಹುಟ್ಟಿದವನು. ಮುದುಕಿ ಎಳೆದಿದ್ದರೆ, ಹದಿಹರೆಯದ ಚುರುಕಿನ ಹುಡುಗಿ ಬಂದ ಕೂಡಲೇ ಹಾಡು ಮುಂದಕ್ಕೆ ನೆಗೆಯಬೇಕಿತ್ತಲ್ಲ. ಇಬ್ಬರೂ ಒಂದೇ ಬದುವಿನ ಮೇಲೆ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದರು.

"ಹಾಡುವವರು ಬದಲಾದ ಕಡೆ ಮೆಟ್ಟಿಲು ಇರಬೇಕಿತ್ತು," ಅಂದಳು ಹಾಡುವಾಕೆ. "ಎಲ್ಲಿದೆ ತೋರಿಸಿ. ಇಲ್ಲಿರೋದು ಬರೀ ಇಳಿಜಾರು. ನಾನು ಎಳೆದಿಲ್ಲ. ಹೆದರಿ ಹೆದರಿ ಹಾಡನ್ನ ಓಡಿಸಿದ್ದೀನಿ. ಓಡಿಸಿದ್ದಕ್ಕೇ ಇವು ಬಾವಿ ತನಕವಾದರೂ ಬಂದಿವೆ."

ಈ ಮಾತು ಬಾಯಿಂದ ಬಾಯಿಗೆ ಮೇಲೇರಿದಾಗ ಗುಡ್ಡದಲ್ಲಿ ನಿಂತಿದ್ದ ಅಜ್ಜಿಯರು ತಲೆಯಾಡಿಸಿದರು. ತಮ್ಮ ಎಳವೆಯಲ್ಲಿ ಒಂದು ನುಡಿಗೂ ಇನ್ನೊಂದು ನುಡಿಗೂ ನಡುವೆ ಒಂದು ರೊಟ್ಟಿ ಬಡಿದು ತವೆಗೆ ಹಾಕಬಹುದಾಗಿತ್ತು, ಈಗಿನ ಹಾಡು ಕೇಳಿದರೆ ಎದೆ ಹೊಡೆದುಕೊಳ್ಳುತ್ತದೆ ಅಂದರು. ಯಾಕೆ ಇಷ್ಟು ದಿನ ಹೇಳಲಿಲ್ಲ ಅಂದರೆ, ಯಾರು ಕೇಳಿದ್ದರು ಅಂತ ಅವರೇ ತಿರುಗಿ ಕೇಳಿದರು.

ಹಿರಿಯನಿಗೆ ಇನ್ನೊಂದು ಮಾತು ಉಳಿದಿತ್ತು. ಎತ್ತರದಲ್ಲಿ ನಿಂತವನಿಗೆ ಎಲ್ಲರೂ ಕಾಣುತ್ತಾರಲ್ಲ, ಅವನು ಕೋಲು ಚಾಚಿ ಹಳ್ಳದ ಕಡೆ ತೋರಿಸಿದ. ಅಲ್ಲಿ ಮರಳಿನ ಮೇಲೆ ತರುಣಿಯರ ಗುಂಪಿನ ನಡುವೆ ಊರಿಗೇ ಹಿರಿಯಳಾದ ಮರಳವ್ವ ಕೂತಿದ್ದಳು. ಅವಳೂ ಮಾಗಿಯವಳೇ. ನಿನ್ನ ಲೆಕ್ಕದಲ್ಲಿ ಅವಳು ನನಗಿಂತ ಮೇಲೆ, ಮಂಜಿನಲ್ಲೋ ಒರತೆಯಲ್ಲೋ ಇರಬೇಕಿತ್ತು, ಅಷ್ಟು ಹಿಂದೆಯೂ ಹಾಡು ಮರಳಿನಲ್ಲೇ ನಿಂತಿತ್ತು ಅಂದಮೇಲೆ ನಿನ್ನ ಇಳಿಜಾರು ಎಲ್ಲಿ ಬಂತು ಅಂತ ಹೇಳಿ ಕಳಿಸಿದ. ಜನ ಗುಸುಗುಸು ಅಂದರು. ಬುಟ್ಟಿ ಹೆಣೆಯುವಾಕೆ ನಿಲ್ಲಲು ಜಾಗವಿಲ್ಲದೆ ಕೂಸನ್ನೆತ್ತಿಕೊಂಡು ಮೊದಲ ಮನೆಯ ಹೊಸಿಲಿನ ಹೊರಗೆ, ಹಾದಿ ಶುರುವಾಗುವುದಕ್ಕೂ ಹಿಂದೆ ನಿಂತಿದ್ದಳು. ಅವಳು ಕೂಸನ್ನು ಇನ್ನಷ್ಟು ಎದೆಗೊತ್ತಿಕೊಂಡಳು.

ನಿಜ, ಆ ಒಬ್ಬಳು ಸಾಲಿನಲ್ಲಿ ಕೂರುತ್ತಿರಲಿಲ್ಲ. ಆದರೂ ಹಾಡುವಾಕೆ ಹಳ್ಳಕ್ಕೆ ಇಳಿದು ಹೋದಳು, ಗುರುವಿನ ಮುಂದೆ ಮರಳಿನ ಮೇಲೆ ಮೊಣಕಾಲೂರಿದಳು. ನೀನು ಹುಟ್ಟಿದ ಬೆಳಿಗ್ಗೆ ಏನಾಗಿತ್ತು ಅಂತ ಕೇಳಿದಳು. ಇಷ್ಟು ವರ್ಷ ಯಾರೂ ಕೇಳದಿದ್ದ ಪ್ರಶ್ನೆ ಅದು.

ಮರಳವ್ವ ಮೊದಲು ಶಿಷ್ಯೆಯ ಕೆನ್ನೆ ಸವರಿ, ಬಡಕಲಾಗಿದ್ದೀಯ ಅಂದಳು. ಆಮೇಲೆ ಎದ್ದಳು. ಊರಾಚೆ ಹಾಕಿಸಿಕೊಂಡವಳಿಗೆ ಊರಿನ ಕಟ್ಟಳೆ ಯಾಕೆ, ಇಷ್ಟು ದಿನ ಸುಮ್ಮನೆ ಹೆದರಿಕೊಂಡು ಕೂತೆ ಅಂತ ತನಗೆ ತಾನೇ ನಕ್ಕಳು. ಹಾದಿ ಹಿಡಿದು ನಡೆಯತೊಡಗಿದಳು. ಮೇಲಕ್ಕೆ ಹೋಗುತ್ತಾಳೆ ಅಂತ ಎಲ್ಲರೂ ಗುಡ್ಡದ ಕಡೆ ದಾರಿ ಬಿಟ್ಟರೆ, ಅವಳು ಬದು ಹತ್ತಿ, ಕಣ ದಾಟಿ, ಬೇವು ದಾಟಿ, ಬಾವಿಯ ಮಕ್ಕಳ ತಲೆ ಮುಟ್ಟುತ್ತಾ ಊರ ಕಡೆಗೇ ಬಂದಳು. ಬರುತ್ತಾ ಹಾಡಿದಳು. ಒರತೆಯಾಚೆಗೆ ಹಾಡು ಇದೆ ಎಂಬುದೇ ಊರಿಗೆ ಗೊತ್ತಿರಲಿಲ್ಲ. ಹಾಡುವಾಕೆಗೂ ಗೊತ್ತಿರಲಿಲ್ಲ, ಬೆಳಗುಗಳು ಎಲ್ಲಿಯವರೆಗೆ ಹೋದವೋ ಅಲ್ಲಿಯವರೆಗೆ ಮಾತ್ರ ಅವಳು ಕಲಿತಿದ್ದಳು. ಮುದುಕಿ ನಿಧಾನವಾಗಿ, ನಿಲುಗಡೆಗಳನ್ನೆಲ್ಲ ಉಳಿಸಿಕೊಂಡು ಹಾಡಿದಳು.

ತುಂಬಿತು ಕೊಡವೇ, ತುಳುಕದಿರು ಕೊಡವೇ,
ಬಂದ ಹಾದಿಯ ಹಿಡಿದು ಮನೆಗೆ ಮರಳು.

ಹಾಡು ಮುಗಿದಾಗ ಅವಳು ಮೊದಲ ಮನೆಯ ಹೊಸಿಲಿನ ಮೇಲಿದ್ದಳು. ಅಲ್ಲೇ ತಿರುಗಿ ನಿಂತಳು.

"ನನ್ನ ಹೆಸರು ಹಳ್ಳದ ಮರಳಲ್ಲ," ಅಂದಳು. "ಮನೆಗೆ ಮರಳು ಅಂತಾರಲ್ಲ, ಆ ಮರಳು. ನಾನು ಹುಟ್ಟಿದ ಬೆಳಿಗ್ಗೆ ಹಾಡು ಪೂರ್ತಿ ಮುಗಿದ ಮೇಲೇ ಹನಿ ಬಿದ್ದದ್ದು ಅಂತ ನಮ್ಮವ್ವ ಕಿವಿಯಲ್ಲಿ ಹೇಳಿದ್ದಳು. ಆಮೇಲೆ ಹಾಡು ಅಲ್ಲಿಗೆ ಮುಟ್ಟಲೇ ಇಲ್ಲ. ಮುಟ್ಟದ ಮಾತು ಆಡಬಾರದು ಅಂತ ನೀವೇ ಅಂದಿರಿ. ನೀವು ಮರಳು ಅಂತ ಮರಳಲ್ಲಿ ಕೂರಿಸಿದಿರಿ, ನಾನು ಕೂತೆ."

ಸಾಲು ತಪ್ಪಿದವಳು ಅಂತ ಅವರು ಅಂದುಕೊಂಡವಳು ಸಾಲಿನ ತುದಿಯಾಗಿದ್ದಳು. ಬದುವಿನ ಮೇಲಿದ್ದವರಲ್ಲಿ ಒಬ್ಬ ಕೈಮುಗಿದ, ಇನ್ನೊಬ್ಬ ತಲೆ ತಗ್ಗಿಸಿದ. ಒಂದು ಮಾತಿಗೆ ಎರಡು ಅರ್ಥ ಇದೆ ಅಂತ ಹೊಳೆಯದೆ ಒಂದು ಜೀವವನ್ನು ಅಷ್ಟು ವರ್ಷ ಹಳ್ಳದಲ್ಲಿ ಒಣಗಿಸಿದೆವಲ್ಲ ಅಂತ ಹೆಂಗಸರು ಕಣ್ಣೊರೆಸಿಕೊಂಡರು.

ಗುಡ್ಡದ ಮೇಲಿದ್ದ ಹಿರಿಯನಿಗೆ ಈ ಮಾತೊಂದೂ ಕೇಳಿಸಿರಲಿಲ್ಲ. ಅವನು ಬೇರೇನನ್ನೋ ನೋಡುತ್ತಿದ್ದ. ಬಾವಿಯ ಹತ್ತಿರ ಅವನ ಮೊಮ್ಮಗ ಇದ್ದ, ಮಾಗಿಯವನೇ. ಅಷ್ಟು ದೂರದಿಂದ ಅವನಿಗೆ ಮೊಮ್ಮಗನ ಮುಖ ಕಾಣಲಿಲ್ಲ. ಕೂಗಿದ, ಕೇಳಿಸಲಿಲ್ಲ. ಕೈ ಬೀಸಿದ, ಮಗು ನೋಡಲಿಲ್ಲ. ನಡುವೆ ಅವನ ಸುಣ್ಣದ ಗೂಡುಗಳ ಹೊಗೆ ಅಡ್ಡ ಬರುತ್ತಿತ್ತು, ಆಚೆ ದಿಗಂತದಲ್ಲಿ ಬೇರೆ ಬೇರೆ ಊರುಗಳ ಹೊಗೆಯೂ ಕಾಣುತ್ತಿತ್ತು. ತಾನು ಹುಟ್ಟಿದ ಚಳಿ ಮೊಮ್ಮಗ ಹುಟ್ಟಿದ ಚಳಿಯಿಂದ ಇಷ್ಟು ದೂರ ಅಂತ ಅವನಿಗೆ ಮೊದಲ ಸಲ ಕಾಲಿಗೆ ತಿಳಿಯಿತು. ಅವನು ಕೋಲೂರಿಕೊಂಡು ಇಳಿದ. ಇಳಿಯಲು ಬಹಳ ಹೊತ್ತು ಹಿಡಿಯಿತು, ಯಾರೂ ಹಾದಿ ಬಿಟ್ಟು ಕದಲದೆ ಕಾದರು, ಹಾದಿಯುದ್ದಕ್ಕೂ ನಿಂತವರು ಮರಳವ್ವನ ಮಾತನ್ನು ಅವನಿಗೆ ಹೇಳಿದರು.

ಹೊಸಿಲಿನ ಹತ್ತಿರ ಬಂದವನು ಮರಳವ್ವನ ಮುಂದೆ ನಿಂತು, ತಪ್ಪಾಯಿತು ತಾಯಿ ಅಂದ. ಆಮೇಲೆ ಬುಟ್ಟಿ ಹೆಣೆಯುವಾಕೆಯ ಕಡೆ ತಿರುಗಿದ. ಕೂಸಿಗೇನು ಮಾಡುವುದು ಅಂತ ಅವನೇ ಹಾಡುವಾಕೆಯನ್ನು ಕೇಳಿದ. ಕಟ್ಟಳೆಯ ಪ್ರಕಾರ ಅದಕ್ಕೆ ಮಾತಿಲ್ಲವಲ್ಲ, ನನ್ನ ಬುದ್ಧಿಗಂತೂ ಹೊಳೆಯುತ್ತಿಲ್ಲ ಅಂದ.

ಹಾಡುವಾಕೆ ಯೋಚಿಸುವ ಅಗತ್ಯವೇ ಇರಲಿಲ್ಲ. ಕೊಡ ಹೊತ್ತ ಹೆಣ್ಣು ಹಾಡು ಶುರುವಾಗುವ ಮುಂಚೆ ಎಲ್ಲಿದ್ದಳು ಅಂತ ಕೇಳಿದಳು. ಮನೆಯಲ್ಲೇ ಅಂದರು ಜನ. ಹಾಡು ಮುಗಿದ ಮೇಲೆ ಎಲ್ಲಿದ್ದಾಳೆ? ಮನೆಯಲ್ಲೇ.

"ಹಾಗಾದರೆ ಇವಳು ಹಾಡಿಗಿಂತ ಹಿಂದೆ ಹುಟ್ಟಿಲ್ಲ," ಅಂದಳು ಹಾಡುವಾಕೆ. "ಹಾಡು ಎಲ್ಲಿಗೆ ಬಂದು ಸೇರಬೇಕೋ ಅಲ್ಲಿ ಹುಟ್ಟಿದ್ದಾಳೆ. ಇವಳೂ ಮರಳವ್ವ."

ಮುದುಕಿ ಮರಳವ್ವ ಹೊಸಿಲಿನಿಂದ ಕೈ ಚಾಚಿ ಪುಟ್ಟ ಮರಳವ್ವನನ್ನು ಎತ್ತಿಕೊಂಡಳು, ಒಳಗೆ ನಡೆದಳು. ತಾಯಿ ಹಿಂದೆಯೇ ನಡೆದಳು. ತೊಟ್ಟಿಲು ಎಲ್ಲಿಂದ ಬಂತೋ ಯಾರು ತಂದರೋ, ಅಂತೂ ಬಂತು.

ಅಲ್ಲಿಗೆ ಎಲ್ಲ ಸರಿಹೋಯಿತು ಅಂತ ನಾನು ಹೇಳಿದರೆ ನೀವು ನಂಬಬೇಡಿ. ಮರುದಿನವೂ ತುಪ್ಪ ಬೇಗನೇ ಕರಗಿತು. ಆದರೆ ಊರವರು ಕಣ್ಣು ಬಿಟ್ಟಿದ್ದರು. ಹಾಡು ಬೇವು ಮುಟ್ಟಲಿ ಅಂತ ಕಾಯುವುದನ್ನು ಬಿಟ್ಟು, ಆ ವರ್ಷ ಹಾಡು ಅಂಗಳಕ್ಕೆ ಬಂದಾಗಲೇ, ನೆಲದಲ್ಲಿ ಹಸಿ ಇರುವಾಗಲೇ ಕಡಲೆ ಬಿತ್ತಿದರು. ಗಡಿಗೆಯಲ್ಲಿ ಉಳಿದಿದ್ದ ಗಟ್ಟಿ ಕಾಳು ಅಷ್ಟಿಷ್ಟೇ, ಬೆಳೆ ಸಾಧಾರಣ ಬಂತು. ಬಂತು ಎಂಬುದೇ ದೊಡ್ಡದು, ಹಸಿ ಕಡಲೆಯನ್ನು ಬೆಂಕಿಯಲ್ಲಿ ಸುಟ್ಟು ತಿಂದು ಮಕ್ಕಳ ಬಾಯಿಯೆಲ್ಲ ಕಪ್ಪಾಯಿತು. ಚಳಿಯನ್ನು ಅಟ್ಟಿದ್ದು ಈ ಹೊಗೆಯೇ ಅಂತ ಹಿರಿಯ ತನ್ನ ಸುಣ್ಣದ ಗೂಡುಗಳನ್ನು ಒಂದೊಂದಾಗಿ ಆರಿಸುತ್ತಾ ಬಂದ, ಆರಿಸಿದ ಕಡೆ ಗಿಡ ನೆಡಿಸಿದ. ಆಚೆ ಊರುಗಳವರು ಆರಿಸದಿದ್ದರೆ ನಮ್ಮದೊಂದರಿಂದ ಏನಾದೀತು ಅಂತ ಕೆಲವರು ಕೇಳಿದರು. ಕೇಳಿದ್ದು ನ್ಯಾಯವೇ. ಅದಕ್ಕೆ ಹಾಡುವಾಕೆ ಊರೂರಿಗೆ ನಡೆದು ಹೋದಳು. ನಿಮ್ಮಲ್ಲಿ ಚಳಿಯನ್ನು ಯಾವುದರಿಂದ ಅಳೆಯುತ್ತೀರಿ, ನಿಮ್ಮ ಅಜ್ಜಂದಿರು ಎಲ್ಲಿ ನಿಲ್ಲುತ್ತಾರೆ, ಮೊಮ್ಮಕ್ಕಳು ಎಲ್ಲಿ ನಿಲ್ಲುತ್ತಾರೆ ಅಂತ ಕೇಳಿದಳು. ಒಂದು ಊರಲ್ಲಿ ನಾಯಿ ಬಿಟ್ಟರು, ಇನ್ನೊಂದು ಊರಲ್ಲಿ ಚಾಪೆ ಹಾಸಿದರು, ಒಂದೆರಡು ಊರುಗಳಲ್ಲಿ ತಾವೂ ಹಾದಿಗೆ ಇಳಿದು ನಿಂತು ನೋಡಿದರು.

ಊರಿನ ಕಟ್ಟಳೆಯಲ್ಲೂ ಒಂದು ತಿದ್ದುಪಡಿಯಾಯಿತು. ಬೆಳಗಿನ ಹಾಡು ಹನಿಗೇ ನಿಲ್ಲಬೇಕು, ಅದು ಹಾಗೆಯೇ ಇರಲಿ, ಇಲ್ಲದಿದ್ದರೆ ನಾಳೆಯವರಿಗೆ ಏನೂ ತಿಳಿಯುವುದಿಲ್ಲ. ಹಾಡುವಾಕೆ ಓಡಿಸುವ ಹಾಗೂ ಇಲ್ಲ, ಎಳೆಯುವ ಹಾಗೂ ಇಲ್ಲ, ಎರಡು ನುಡಿಗಳ ನಡುವೆ ಒಂದು ರೊಟ್ಟಿ. ಆದರೆ ವರ್ಷಕ್ಕೊಮ್ಮೆ ಮಾಗಿಯಲ್ಲಿ, ಕಲ್ಲಿನ ಮೇಲೆ ತುಪ್ಪವಿಡದೆ, ಹೊಸಿಲಿನಿಂದ ಹೊಸಿಲಿನವರೆಗೆ ಪೂರ್ತಿ ಹಾಡನ್ನು ಎಲ್ಲರೂ ಕೂಡಿ ಹಾಡುತ್ತಾರೆ, ಆಮೇಲೆ ಹಾದಿಗೆ ಬಂದು ತಂತಮ್ಮ ಜಾಗದಲ್ಲಿ ನಿಲ್ಲುತ್ತಾರೆ. ಮುದುಕಿ ಮರಳವ್ವ ಒಂದು ಮಾಗಿಯಲ್ಲಿ ತೀರಿಕೊಂಡಳು. ಅವಳ ಜಾಗವೇನೂ ಬರಿದಾಗಲಿಲ್ಲ, ಹೊಸಿಲಿನ ಮೇಲೆ ಪುಟ್ಟ ಮರಳವ್ವ ಸೊಂಟದ ಮೇಲೆ ಕೈಯಿಟ್ಟು ನಿಂತು ಬಂದವರನ್ನೆಲ್ಲ ನಿಮ್ಮ ಜಾಗ ಅಲ್ಲಿ, ನಿಮ್ಮದು ಅಲ್ಲಿ ಅಂತ ಗದರಿಸುತ್ತಿದ್ದಳು.

ಬಹಳ ವರ್ಷಗಳ ಮೇಲಿನ ಮಾತು. ಪುಟ್ಟ ಮರಳವ್ವನಿಗೆ ಮದುವೆಯ ವಯಸ್ಸು, ಹಾಡುವಾಕೆಯ ತಲೆ ನರೆತಿತ್ತು. ಎಂದಿನಂತೆ ಮಾಗಿಯವರು ಹಾದಿಯಲ್ಲಿ ನಿಂತರು. ಎಂದಿನಂತೆ ಕೂಸುಗಳ ತಾಯಂದಿರು ಬಾವಿಯ ಸುತ್ತ ನೆರೆದರು. ಆಗ ಆ ಗುಂಪಿನಿಂದ ಒಬ್ಬ ತಾಯಿ, ತನ್ನ ಜಾಗ ಇದಲ್ಲ ಅಂತ ಹಿಂಜರಿಯುತ್ತಾ ಹೊರಗೆ ಬಂದಳು. ಬೇವಿನ ಕಡೆ ನಡೆದಳು. ಬೇವು ದಾಟಿ ಕಣಕ್ಕೆ ಹೋದಳು. ಅಲ್ಲಿದ್ದ ದೊಡ್ಡವರ ನಡುವೆ ಕೈಗೂಸನ್ನು ಎತ್ತಿಕೊಂಡು ನಿಂತಳು. ಕಣದ ಹೆಸರಿನ ಕೂಸನ್ನು ಕಂಡು ಊರಿಗೆ ಎಷ್ಟು ಕಾಲವಾಗಿತ್ತೋ.

ಮುಪ್ಪಿನ ಹಿರಿಯ ಕುಣಿಯುವುದೊಂದು ಬಾಕಿ. ಹಾಡು ತಿರುಗಿತು, ಹಾಡು ತಿರುಗಿತು ಅಂತ ಎಲ್ಲರ ಕೈ ಹಿಡಿದು ಹೇಳುತ್ತಾ ಬಂದ. ಹಾಡುವಾಕೆಗೂ ಹಾಗೇ ಹೇಳುವ ಆಸೆ, ಆದರೆ ಅವಳು ಹಾಡುವಾಕೆ. ಒಂದು ಕೂಸು ಅಂದರೆ ಒಂದು ಬೆಳಗು ಅಷ್ಟೇ, ಒಂದು ಬೆಳಗು ಏನನ್ನೂ ಹೇಳುವುದಿಲ್ಲ, ಇನ್ನಷ್ಟು ಕೂಸುಗಳು ಅಲ್ಲಿಗೆ ಬಂದು ನಿಲ್ಲಲಿ, ಆಗ ನೋಡೋಣ ಅಂದಳು.

ಕಣದಲ್ಲಿ ನಿಂತಿದ್ದ ತಾಯಿಗೆ ಅದು ಕೇಳಿಸಿತು. ಅವಳು ಕೂಸನ್ನು ಆ ಸೊಂಟದಿಂದ ಈ ಸೊಂಟಕ್ಕೆ ಬದಲಿಸಿಕೊಂಡು, ಸ್ವಲ್ಪ ಪಕ್ಕಕ್ಕೆ ಸರಿದು, ಬರುವವರಿಗೆ ಜಾಗ ಬಿಟ್ಟು ನಿಂತಳು.